ಡಾಕ್‌ನ ಮೂರನೇ ಆಲ್ಬಮ್

“ಮೂರನೆಯದು ಆಲ್ಬಮ್ಮೇ ಅಲ್ಲ, ಅದು ರೋಗಿಯ ನರಳಾಟ” ಎಂದು ಕ್ಷೌರಿಕ ಕ್ಲೋವಿಸ್ ತನ್ನ ಕೈಯಲ್ಲಿದ್ದ ಟ್ರಿಮ್ಮರ್ ಆರಿಸಿದ. ಅವನು ಮೆಷಿನ್ ಆರಿಸಿದನೆಂದರೆ ತೀರ್ಪು ಬಂತೆಂದೇ ಅರ್ಥ. ಹ್ಯೂಸ್ಟನ್ನಿನ ದಕ್ಷಿಣ ಭಾಗದ ಆ ಕ್ಷೌರದಂಗಡಿಯಲ್ಲಿ ಶುಕ್ರವಾರ ಮಧ್ಯಾಹ್ನ ಯಾರ ತಲೆ ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಡಾಕ್ ಬೇಯೂನ ಐದು ಆಲ್ಬಮ್‌ಗಳ ವಾದ ಮಾತ್ರ ನಿಲ್ಲುವಂತಿಲ್ಲ. ಡಾಕ್ ನಮ್ಮ ಬೀದಿಯವನೇ. ರ‍್ಯಾಪ್ ಹಾಡಿ ಊರಾಚೆ ಹೆಸರು ಮಾಡಿದ ಮೇಲೂ ಮನೆ ಬದಲಿಸಿದವನಲ್ಲ.

ಇವತ್ತು ಅರ್ಧ ತಲೆ ಹೊತ್ತು ಕೂತಿದ್ದವನು ಬಸ್ ಡ್ರೈವರ್ ಯುಲಿಸಿಸ್. ಮೊದಲನೆಯದು ಒರಟು, ಆದರೆ ಸುಳ್ಳಿಲ್ಲ ಎಂದ. ಎರಡನೆಯದರಲ್ಲಿ ತಾಳ ಚೆನ್ನಾಗಿದೆ, ಜೊತೆಗೆ ಹಾಡಲು ಕರೆಸಿದ ಗೆಳೆಯರೇ ಜಾಸ್ತಿಯಾದರು. ನಾಲ್ಕನೆಯದು ರೇಡಿಯೋದವರನ್ನು ಮೆಚ್ಚಿಸಲು ಮಾಡಿದ್ದು, ಐದನೆಯದು ಮುದುಕನ ಉಪದೇಶ. ಇಲ್ಲಿಯವರೆಗೆ ಇಬ್ಬರಿಗೂ ಜಗಳವಿರಲಿಲ್ಲ. ಮೂರನೆಯದು ತನಗೆ ಇಷ್ಟ, ಮಗಳು ಫೋನಿನಲ್ಲಿ ಕೇಳಿಸಿದ್ದಳು ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು.

“ನಾಲಿಗೆ ಎಳೀತಿದೆ ಕಣೋ ಅದರಲ್ಲಿ” ಎಂದ ಕ್ಲೋವಿಸ್. “ನಶೆಗೆ ಕೆಮ್ಮಿನ ಸಿರಪ್ ಹೀರ್ಕೊಂಡು ಮೈಕ್ ಮುಂದೆ ಕೂತಿದಾನೆ. ಇಪ್ಪತ್ತೈದು ವರ್ಷದಿಂದ ಹೇಳ್ತಾ ಇದೀನಿ. ಇನ್ನು ಅವನ ತಲೆ ನೋಡಿದ್ಯಾ, ಹೋದ ಭಾನುವಾರ ಚರ್ಚಲ್ಲಿ? ಒಂದು ಕಿವಿ ಮೇಲೆ ಬೋಳು, ಇನ್ನೊಂದರ ಮೇಲೆ ಪೊದೆ. ಹೆಸರು ಬಂತು ಅಂತ ಈ ಕುರ್ಚಿ ಬಿಟ್ಟು ಹೋದವನ ಗತಿ ನೋಡು.”

ಯುಲಿಸಿಸ್ ನಗಲು ಬಾಯಿ ತೆರೆದವನು ಕನ್ನಡಿಯಲ್ಲಿ ಏನನ್ನೋ ನೋಡಿ ಮುಚ್ಚಿಕೊಂಡ. ಬಾಗಿಲೊಳಗೆ ಮಿಸ್ ಅರ್ಡೀಲಿಯಾ ನಿಂತಿದ್ದಳು, ಡಾಕ್‌ನ ಅಕ್ಕ. ಚರ್ಚಿನವರು ಶುಕ್ರವಾರ ಮಾರುವ ಕರಿದ ಮೀನಿನ ಊಟವನ್ನು ಯಾವಾಗಲೂ ಬೇರೆ ಯಾರೋ ತಂದುಕೊಡುತ್ತಿದ್ದರು. ಈ ಸಲ ಅವಳೇ ಬಂದಿದ್ದಳು.

ಅವಳು ಪೊಟ್ಟಣಗಳನ್ನು ಮೇಜಿನ ಮೇಲಿಟ್ಟಳು. ಕ್ಲೋವಿಸ್‌ನ ಕಿವಿ ಬಿಸಿಯಾಯಿತು. ಆದರೂ ಬಿಗುಮಾನ ಬಿಡಲಿಲ್ಲ. ತಾನು ಹೇಳಿದ್ದು ಹಾಡಿನ ವಿಷಯ, ಮನುಷ್ಯನ ವಿಷಯವಲ್ಲ ಎಂದ. ಆ ಆಲ್ಬಮ್ ನಿನ್ನ ಹತ್ತಿರ ಇದೆಯಾ ಎಂದು ಅವಳು ಕೇಳಿದಳು. ಇಲ್ಲದೆ ಏನು ಎಂದು ಅವನು ಕನ್ನಡಿಯ ಕೆಳಗಿನ ಡ್ರಾಯರಿನಿಂದ ಬೂದು ಬಣ್ಣದ ಕ್ಯಾಸೆಟ್ ತೆಗೆದು, ಮೂಲೆಯ ಹಳೇ ಟೇಪ್ ರೆಕಾರ್ಡರಿಗೆ ಹಾಕಿದ. ದಪ್ಪ ದನಿ ತೂಕಡಿಸುತ್ತ ಬಂತು. ಕೇಳಿದಿರಾ ಎನ್ನುವಂತೆ ಕ್ಲೋವಿಸ್ ಹುಬ್ಬು ಹಾರಿಸಿದ.

“ಯುಲಿಸಿಸ್, ಇದೇ ಹಾಡು ನಿನ್ನ ಫೋನಲ್ಲಿ ಹಾಕಪ್ಪ” ಎಂದಳು ಅವಳು.

ಫೋನಿನಿಂದ ಹೊರಟದ್ದು ಬೇರೆಯೇ ಗಂಡಸು. ಅದೇ ಮಾತು, ಅದೇ ತಾಳ, ಆದರೆ ಓಟ. ಒಂದು ಅಕ್ಷರವೂ ಜಾರಲಿಲ್ಲ, ಎಲ್ಲೂ ಉಸಿರು ತಪ್ಪಲಿಲ್ಲ. ಫೋನಿನವನು ಚರಣ ಮುಗಿಸಿ ಪಲ್ಲವಿಗೆ ಬಂದಾಗ ಕ್ಯಾಸೆಟ್ಟಿನವನು ಇನ್ನೂ ಚರಣದಲ್ಲೇ ತಡಕಾಡುತ್ತಿದ್ದ.

ಕ್ಲೋವಿಸ್‌ಗೆ ತಿಳಿಯಿತು. ಆ ಕಾಲದಲ್ಲಿ ನಮ್ಮ ಕಡೆ ಯಾವ ಹಾಡನ್ನೂ ಅದರ ವೇಗದಲ್ಲಿ ಕೇಳಿದವರಿಲ್ಲ. ಬೀದಿಯ ಡಿ.ಜೆ.ಗಳು ಎಲ್ಲವನ್ನೂ ನಿಧಾನ ಮಾಡಿ ಕ್ಯಾಸೆಟ್ಟಿಗೆ ಇಳಿಸುತ್ತಿದ್ದರು, ಕಾರುಗಳಲ್ಲಿ ಅದೇ ಮೊಳಗುತ್ತಿತ್ತು, ಆ ನಿಧಾನವೇ ನಮ್ಮ ಕಿವಿಗೆ ಸರಿಯಾದ ವೇಗವಾಗಿ ಹೋಗಿತ್ತು. ಚಿಕ್ಕಪ್ಪನ ಮಗ ಕೊಟ್ಟ ಈ ಕ್ಯಾಸೆಟ್ ಅಂಥದ್ದೇ ಎಂದು ಅವನಿಗೆ ಹೊಳೆದಿರಲೇ ಇಲ್ಲ. ಯಂತ್ರ ಎಳೆದ ನಾಲಿಗೆಯನ್ನು ಅವನು ಮನುಷ್ಯನ ತಲೆಗೆ ಕಟ್ಟಿದ್ದ.

“ಮೊದಲ ಎರಡು ಅವನೇ ತಂದುಕೊಟ್ಟಿದ್ದನಲ್ಲ ನಿಂಗೆ, ಇದೇ ಕುರ್ಚಿಲಿ ಕೂತು” ಎಂದಳು ಮಿಸ್ ಅರ್ಡೀಲಿಯಾ. ದನಿ ಏರಿಸಲಿಲ್ಲ. “ಮೂರನೇದನ್ನೂ ತಂದಿದ್ದ. ನಿನ್ನ ಹೆಸರು ಬರೆದು. ಬಾಗಿಲ ತನಕ ಬಂದ. ನೀನು ಒಳಗೆ ಸಿರಪ್ಪಿನ ಕಥೆ ಹೇಳ್ತಿದ್ದೆ.”

ಕ್ಲೋವಿಸ್ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

“ಆ ಮಾತು ಅಮ್ಮನ ಕಿವಿಗೂ ಬಿತ್ತು. ಅವಳು ಸಾಯೋವರೆಗೂ ದಿನಾ ಸಂಜೆ ಅವನನ್ನ ಹತ್ರ ಕರೆದು ಬಾಯಿ ಮೂಸಿ ನೋಡ್ತಿದ್ಲು. ಅಷ್ಟೆತ್ತರದ ಗಂಡಸು, ಬಗ್ಗಿ ನಿಲ್ತಿದ್ದ.”

ಟೇಪ್ ನಿಲ್ಲಿಸಲು ಹೋದ ಕ್ಲೋವಿಸ್‌ನ ಬೆರಳಿಗೆ ಗುಂಡಿ ಸಿಗಲಿಲ್ಲ. ಕೊನೆಗೆ ಪ್ಲಗ್ಗನ್ನೇ ಕಿತ್ತ. ನಾಚಿಕೆಯಿಂದ ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮುಖ ತಿರುಗಿಸೋಣವೆಂದರೆ ಕ್ಷೌರದಂಗಡಿ, ತಿರುಗಿದ ಕಡೆಯೆಲ್ಲ ಕನ್ನಡಿ. ಬೀದಿಯವರೆಲ್ಲ ಒಪ್ಪುತ್ತಿದ್ದ ಅವನ ತೀರ್ಪಿನಿಂದ ಒಬ್ಬ ತಾಯಿ ಮಗನನ್ನು ಅನುಮಾನಿಸುತ್ತಲೇ ಸತ್ತಿದ್ದಳು. ಆ ತೀರ್ಪನ್ನು ವಾಪಸು ಪಡೆಯುವ ದಾರಿ ಅವನಿಗೆ ಕಾಣಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ.

“ಅವನನ್ನ ಕಳಿಸಿ, ಮಿಸ್ ಅರ್ಡೀಲಿಯಾ” ಎಂದ, ನೆಲ ನೋಡುತ್ತ. “ಅಂಗಡಿ ಮುಚ್ಚಿ ಅವನೊಬ್ಬನನ್ನೇ ಕೂರಿಸ್ತೀನಿ. ಆ ತಲೆನಾದ್ರೂ ಸರಿ ಮಾಡ್ಕೊಡ್ತೀನಿ. ಈಗ ಯಾರ ಹತ್ರ ಹೋಗ್ತಾನೋ, ಅವರಿಗೆ ಕೈ ಪಳಗಿಲ್ಲ.”

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಗೆಣ್ಣುಗಳು ಊದಿಕೊಂಡಿದ್ದವು, ಉಗುರಿನಲ್ಲಿ ಮೀನಿಗೆ ಹಚ್ಚಿದ ಮೆಕ್ಕೆಜೋಳದ ಹಿಟ್ಟು ಇನ್ನೂ ಇತ್ತು.

“ಪಳಗಿಲ್ಲ, ನಿಜ” ಎಂದಳು. “ಇಪ್ಪತ್ತೈದು ವರ್ಷದಿಂದ ಅಡುಗೆಮನೇಲಿ ಕೂರಿಸಿ ನಾನೇ ಕತ್ತರಿಸ್ತಿದೀನಿ. ಏನು ಮಾಡ್ಲಿ, ಕ್ಲೋವಿಸ್‌ನ ಕುರ್ಚಿ ಬಿಟ್ಟು ಇನ್ನೊಬ್ಬರ ಕುರ್ಚಿಗೆ ಹೋಗಲ್ಲ ಅಂತಾನೆ.”