ಜೋಡಿ ಸಿಗದ ಮತ

ಬನಹಟ್ಟಿಯಲ್ಲಿ ಹದಿನೈದು ವರ್ಷಗಳಿಂದ ಯಾರೂ ಮತಗಟ್ಟೆಗೆ ಹೋಗಿರಲಿಲ್ಲ. ದೇಶದೇಶಗಳ ಜನನಾಯಕರ ಬೆಂಬಲಿಗರನ್ನು ಹೋಲಿಸಿ, ಪ್ರತಿ ಮತದಾರನಿಗೂ ಅವನಂತೆಯೇ ಯೋಚಿಸುವ ಒಂದು ಜೋಡಿಯನ್ನು ಹೊರನಾಡಿನಲ್ಲಿ ಸರ್ಕಾರವೇ ಹುಡುಕುತ್ತಿತ್ತು. ಜೋಡಿ ಎಂಥ ನಾಯಕನನ್ನು ಮೆಚ್ಚುವನೋ ಅಂಥವನಿಗೇ, ಮನೆಯಲ್ಲಿ ಹೆಬ್ಬಟ್ಟು ಒತ್ತಿದೊಡನೆ, ಇಲ್ಲಿಯ ಮತ ಬೀಳುತ್ತಿತ್ತು.

ಈ ಸಲವೂ ನೇಕಾರಗಿತ್ತಿ ಬಾಳವ್ವನ ಮನೆಗೆ ಚುನಾವಣಾ ಗುಮಾಸ್ತ ಮಹಾಲಿಂಗ ಜೋಡಿ ಹುಡುಕುವ ಯಂತ್ರ ಹಿಡಿದು ಬಂದ.

"ನಿಮ್ಮ ಜೋಡಿ ಬ್ರೆಜಿಲ್ ದೇಶದ ಲಾರಿ ಡ್ರೈವರ್ ಅದಾನ್ರಿ. ಹೆಬ್ಬಟ್ಟು ಒತ್ತರಿ, ಮತ ಅಂವನ ನಾಯಕನಂಥಾ ನಮ್ಮೂರ ನಾಯಕ ಸಾಹೇಬರಿಗೆ ಹೋಗತೈತಿ."

"ಅಂವಾ ತನ್ನ ನಾಯಕನ್ನ ಯಾಕ ಮೆಚ್ಚತಾನ?"

"ನಾಯಕ ಬ್ಯಾರೆ ಮಂದೀನ ಬೈದಾಗೆಲ್ಲ ಚಪ್ಪಾಳಿ ಹೊಡೀತಾನಂತ್ರಿ."

ಬಾಳವ್ವ ಮಗ್ಗ ನಿಲ್ಲಿಸಿದಳು. "ಸಾಹೇಬ್ರು ಮಗ್ಗಕ್ಕ ಕರೆಂಟ್ ಕೊಡತೇನಿ ಅಂದಾಗ ನಾನೂ ಚಪ್ಪಾಳಿ ಹೊಡದೇನಿ. ಬಾಜೂಮನಿ ಜೈತೂನಳ ಮಂದೀನ ಅವ್ರು ಬೈದಾಗ ಕೈಕಟ್ಟಿ ಕುಂತಿದ್ದೆ. ಅದನ್ನ ಬರಕೋ."

ಮಹಾಲಿಂಗ ಬರೆದುಕೊಂಡ. ಯಂತ್ರ ದೇಶಗಳನ್ನೆಲ್ಲ ತಡಕಾಡಿ, ಜೋಡಿ ಇಲ್ಲ ಎಂದಿತು.

"ಹಂಗಾದ್ರ ನೀವ ಮತಗಟ್ಟಿಗೆ ಬಂದು ಹಾಕಬೇಕ್ರಿ," ಎನ್ನುತ್ತ ಅವನು ಎದ್ದು ನಿಂತು ಕೈಮುಗಿದ.

ಭಾನುವಾರ ಬಾಳವ್ವ ಹೊಸ ಸೀರೆಯುಟ್ಟು, ತಲೆಯೆತ್ತಿ ಬಜಾರದ ನಡುವೆಯೇ ನಡೆದಳು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು.

ಮರಳಿ ಬಂದಾಗ ಜೈತೂನ ಕೇಳಿದಳು, "ಯಾರಿಗೆ ಹಾಕಿದಿ ಬೇ?"

ಬಾಳವ್ವ ನಕ್ಕಳು. "ಹೇಳಂಗಿಲ್ಲ. ಅದು ನನ್ನೊಬ್ಬಾಕೀದು."