ನಿಂಬೆಹಣ್ಣಿನಷ್ಟು ಜಾಗ

ತುಮಕೂರಿನ ಕಟ್ಟಡಗಳು ತಮ್ಮ ಅಗತ್ಯವಿದ್ದವರ ಪಕ್ಕಕ್ಕೆ ತಾವೇ ಸರಿದುಕೊಳ್ಳತೊಡಗಿದ ಮೇಲೆ ಯಾರಿಗೂ ಕಾರು ಬೇಕಾಗಲಿಲ್ಲ. ಗಂಗಣ್ಣನವರ ಹಿತ್ತಲಿಗೆ ಶಾಲೆ ಬಂದು ಒರಗಿತ್ತು, ಬಾಗಿಲೆದುರು ಹಿಟ್ಟಿನ ಗಿರಣಿ ನಿಂತಿತ್ತು. ನಡುವಿನ ಸಂದಿಯಲ್ಲಿ ಅವರ ಹಳೆಯ ಕಾರು. ಪ್ರತಿ ಆಯುಧಪೂಜೆಗೆ ಅದನ್ನು ನಿಂಬೆಹಣ್ಣು ತುಳಿಯುವಷ್ಟು ಮುಂದಕ್ಕೆ ತಳ್ಳಿ ನಿಲ್ಲಿಸುತ್ತಿದ್ದರು.

ಈ ಸಲ ನೋಡಿದರೆ ಗಿರಣಿ ಬಂಪರಿಗೇ ಮೂತಿ ತಾಗಿಸಿಕೊಂಡು ನಿಂತಿದೆ.

“ನಿಂಬೆಹಣ್ಣು ತುಳೀದಿದ್ರೆ ಅದೆಂಥ ಆಯುಧಪೂಜೆ?” ಎಂದು ಸಿಡುಕಿದ ಗಂಗಣ್ಣ, ಬಚ್ಚಿಟ್ಟಿದ್ದ ಪೆಟ್ರೋಲು ಸುರಿದು ಎಂಜಿನ್ ಚಾಲೂ ಮಾಡಿದರು.

ಹೊಗೆ ಬುಸ್ಸೆಂದಿತು. ಗಿರಣಿ ಜೋರಾಗಿ ಸೀನಿ, ಎದ್ದೆನೋ ಬಿದ್ದೆನೋ ಎಂದು ಹಿಂದಕ್ಕೆ ಓಡಿತು. ಶಾಲೆ, ಸೊಪ್ಪಿನಂಗಡಿ, ಆಸ್ಪತ್ರೆ ಎಲ್ಲವೂ ದಿಕ್ಕಾಪಾಲಾದವು. ಕಾರಿನ ವಾಸನೆಗೆ ಪಳಗಿದ್ದ ಅವರ ಮನೆ ಮಾತ್ರ ಕದಲಲಿಲ್ಲ. ನಿಂಬೆಹಣ್ಣುಗಳು ಪಚಕ್ಕೆಂದವು. ಎದುರಿಗೆ ಅಗಲವಾದ ರಸ್ತೆ. ಗಂಗಣ್ಣ ಹಾರನ್ ಒತ್ತುತ್ತ, ಕೇಕೆ ಹಾಕುತ್ತ ಊರೆಲ್ಲ ಸುತ್ತು ಹೊಡೆದರು.

ಹಿಂತಿರುಗಿದಾಗ ಹೆಂಡತಿ ಸರ್ವಮಂಗಳಾ ರಾಗಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಮುದ್ದೆಗೆ ಹಿಟ್ಟಿಲ್ಲ. ಗಿರಣೀನ ಓಡ್ಸಿದೋರು ನೀವೇ ತಾನೆ, ಈಗ ಕಾರಲ್ಲೇ ಹೋಗಿ ಬೀಸಿಸ್ಕೊಂಡು ಬನ್ನಿ.”

ಕಾರು ಹತ್ತಿರವಾದಷ್ಟೂ ಗಿರಣಿ ದೂರ ಓಡಿತು. ಅಟ್ಟಿಸಿಕೊಂಡು ಹೋಗಿ ಹೋಗಿ, ನಗು ತಡೆಯಲಾರದೆ, ಗಂಗಣ್ಣ ಕೊನೆಗೆ ಎಂಜಿನ್ ಆರಿಸಿ ಡಬ್ಬಿ ಹಿಡಿದು ಬಾನೆಟ್ಟಿನ ಮೇಲೆ ಕೂತರು. ಹೊಗೆ ಕರಗಿತು. ಗಿರಣಿ ಒಂದು ಹೆಜ್ಜೆ ಇಟ್ಟು ಮೂಸಿ ನೋಡಿತು. ಇನ್ನೊಂದು ಹೆಜ್ಜೆ ಇಟ್ಟಿತು.

“ಬಾರಪ್ಪ, ಇನ್ನು ಹೊಗೆ ಬಿಡಲ್ಲ,” ಎನ್ನುತ್ತ ಗಂಗಣ್ಣ ಮೆಲ್ಲಗೆ ಡಬ್ಬಿಯ ಮುಚ್ಚಳ ತೆಗೆದು ರಾಗಿ ತೋರಿಸಿದರು.