ಚೂರಿಗೊಂದು ಪೆನ್ನಿ

ಗಾಜಿನ ಮೇಜಿನ ಮೇಲಿದ್ದ ಪುಟ್ಟ ಚೂರಿಗಳಲ್ಲಿ ಎರಡನ್ನು ಎತ್ತಿ, ಹಿಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಫರ್ಕರ್ ಮ್ಯಾಥೆಸನ್ ತಲೆಯಾಡಿಸಿದ.

"ಇವು ಬೇಡ ತಾಯಿ. ಗೆರೆ ಎರಡರಲ್ಲೂ ಒಂದೇ ಜಾಗದಲ್ಲಿ ಓಡಿದೆ. ಸಾರಂಗದ ಕೊಂಬು ಒಂದನ್ನೊಂದು ನೋಡಿ ಕಾಪಿ ಹೊಡೆಯೋದಿಲ್ಲ. ಇದು ಅಚ್ಚಿನ ಮಾಲು."

ಅಂಗಡಿಯ ಡೊಲೀನಾ ನಕ್ಕುಬಿಟ್ಟಳು. "ಇನ್ವರ್ನೆಸ್ಸಿಗೆ ಬರೋರೆಲ್ಲ ನಿಮ್ಮ ಹಾಗಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗಬೇಕಾಗತ್ತೆ ಯಜಮಾನ್ರೇ. ಒಳಗೆ ಒಳ್ಳೇದಿದೆ, ತರ್ತೀನಿ. ಮದುವೆ ಗಂಡು ಯಾರು?"

"ಮಗ," ಎಂದ ಫರ್ಕರ್.

ಮದುವೆಯೇನೂ ಇರಲಿಲ್ಲ. ಮಗ ರೂರಿ ಮನೆಯ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಅಬರ್ಡೀನಿನ ಬಂದರಿನಲ್ಲಿ ಕೆಲಸಕ್ಕಿದ್ದವನು ಹಿಮಗಟ್ಟಿದ ರಸ್ತೆಯಲ್ಲಿ ಜಾರಿದ ಲಾರಿಗೆ ಸಿಕ್ಕಿ, ಐದು ವರ್ಷದ ಮೇಲೆ ಹೀಗೆ ಊರಿಗೆ ಬಂದಿದ್ದ. ನಾಳೆ ಮಣ್ಣು. ಅಲ್ಲಿನ ಗಂಡಸರು ಮದುವೆಗೂ ಮಣ್ಣಿಗೂ ಸುತ್ತಿಕೊಳ್ಳುವ ನೆರಿಗೆಯ ಕಿಲ್ಟು, ಅಜ್ಜನದು, ಉಡಿಸಿಯಾಗಿತ್ತು. ಅದರ ಮುಂದೆ ಸೊಂಟಕ್ಕೆ ಕಟ್ಟುವ ಚರ್ಮದ ಚೀಲವಾಗಲಿ, ಕಾಲುಚೀಲದಲ್ಲಿ ಸಿಕ್ಕಿಸುವ ಚೂರಿಯಾಗಲಿ ಮನೆಯಲ್ಲಿರಲಿಲ್ಲ. "ಮಣ್ಣಿಗೆ ಹೋಗೋದಕ್ಕೆ ಯಾವುದಾದರೇನು, ಏನೋ ಒಂದು ತನ್ನಿ" ಎಂದು ಹೆಂಡತಿ ಎಫೀ ಅತ್ತಿದ್ದಳು. ಏನೋ ಒಂದು ತಂದು ಕೊಟ್ಟದ್ದರ ಫಲವನ್ನು ಫರ್ಕರ್ ಒಮ್ಮೆ ಉಂಡಿದ್ದ.

ರೂರಿಗೆ ಇಪ್ಪತ್ತೊಂದು ತುಂಬಿದ ದಿನ ಫರ್ಕರ್ ಅವನಿಗೆಂದು ಪ್ರವಾಸಿಗರ ಅಂಗಡಿಯಿಂದ ಇಂಥದೇ ಚೂರಿ ತಂದಿದ್ದ. ಹಿಡಿ ಸಾರಂಗದ ಕೊಂಬಿನದು ಎಂದು ಅಂಗಡಿಯವನು ಹೇಳಿದ್ದನ್ನು ನಂಬಿದ್ದ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದ ಕೂಡ. ಚೂರಿಯನ್ನು ಬಿಟ್ಟಿ ಕೊಟ್ಟರೆ ಅದು ನಂಟನ್ನೇ ಕತ್ತರಿಸುತ್ತದೆ ಎಂಬುದು ಅವರ ಬೆಟ್ಟದ ಸೀಮೆಯಲ್ಲಿ ಎಲ್ಲರೂ ಬಲ್ಲ ಮಾತು. ಅದಕ್ಕೇ ಪಡೆದವನು ಕೊಟ್ಟವನಿಗೆ ಬೆಲೆಯೆಂದು ಒಂದು ಪೆನ್ನಿ ಕಾಸಾದರೂ ಕೊಡಬೇಕು. ಬಂದವರೆಲ್ಲರ ಮುಂದೆ ಫರ್ಕರ್ ಅಂಗೈ ಚಾಚಿದ. ರೂರಿ ಹಿಡಿಯನ್ನು ಉಗುರಿನಲ್ಲಿ ಕೆರೆದು ನೋಡಿದ. "ಪ್ಲಾಸ್ಟಿಕ್ಕು ಕಣಪ್ಪಾ ಇದು. ಇದಕ್ಕೆ ಒಂದು ಪೆನ್ನೀನೂ ದಂಡ" ಎಂದು ಚೂರಿಯನ್ನೇ ಆ ಅಂಗೈಯಲ್ಲಿಟ್ಟ.

ಎಲ್ಲರೂ ನಕ್ಕರು. ಹುಡುಗ ಅಂದದ್ದು ತಮಾಷೆಗೆ. ಆದರೆ ಫರ್ಕರ್‌ಗೆ ಮೈಯೆಲ್ಲ ಉರಿಯಿತು. "ನಿನ್ನ ಯೋಗ್ಯತೆಗೆ ಇದೇ ಹೆಚ್ಚು" ಎಂದುಬಿಟ್ಟ. ಮಾತು ಮನೆ ಕೆಡಿಸಿತು. ಮುಂದಿನ ವಾರವೇ ರೂರಿ ಅಬರ್ಡೀನಿಗೆ ಹೋದ. ಅಮ್ಮನಿಗೆ ಫೋನ್ ಮಾಡುತ್ತಿದ್ದ, ಅಪ್ಪನನ್ನು ಕೇಳುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಅಪ್ಪ ಕುರಿದೊಡ್ಡಿಗೆ ಎದ್ದು ಹೋಗುತ್ತಿದ್ದ. ಕೊಂಬು ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಕಲಿತದ್ದು ಆಮೇಲೆ. ಕೆಟ್ಟ ಮೇಲೆ ಬಂದ ಬುದ್ಧಿ.

ಡೊಲೀನಾ ಒಳಗಿನಿಂದ ತಂದ ಚೂರಿ ಕೈಗೆ ತಣ್ಣಗೆ ತಾಗಿತು. ಹಿಡಿಯ ತುದಿಯಲ್ಲಿ ಮೂಳೆಯ ಸಣ್ಣ ಸಣ್ಣ ತೂತುಗಳಿದ್ದವು. ಅವನ್ನು ಬೆರಳಿನಿಂದ ಸವರಿ ಅವನು ಅದನ್ನು ಪಕ್ಕಕ್ಕಿಟ್ಟುಕೊಂಡ. ಆಮೇಲೆ ಚೀಲ. ಮುಂದಿನ ಚಂದವನ್ನು ನೋಡಲೇ ಇಲ್ಲ. ಬಾಯಿ ಅಗಲಿಸಿ ಒಳಗಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಎಳೆದ, ಅಂಟಿನ ವಾಸನೆ ಇದೆಯೇ ಎಂದು ಮೂಸಿದ, ಬೆಳ್ಳಿಯ ಪಟ್ಟಿಯನ್ನು ತಿರುಗಿಸಿ ಮುದ್ರೆ ಹುಡುಕಿದ.

"ಬೆಳ್ಳಗಿರೋದೆಲ್ಲ ಹಾಲಲ್ಲ, ಅಲ್ವಾ?" ಎಂದಳು ಡೊಲೀನಾ. "ನೋಡಿ, ನೋಡಿ. ಕೈಹೊಲಿಗೆ ಅದು. ನಿಮ್ಮ ಮೊಮ್ಮಗನ ಕಾಲಕ್ಕೂ ಬರತ್ತೆ. ಹುಡುಗನ ಸೊಂಟ ಎಷ್ಟು? ಸರಪಳಿ ಅಳತೆಗೆ ಮಾಡಿಕೊಡ್ತೀನಿ."

"ಮೂವತ್ನಾಲ್ಕು. ಮೊನ್ನೆ ತಾನೇ ಅಳತೆ ತಗೊಂಡ್ರು."

"ಹೊಸ ಕೋಟೂ ಹೊಲಿಸ್ತಿದೀರಾ ಹಾಗಾದ್ರೆ. ಅದೃಷ್ಟವಂತ. ಅವನನ್ನೂ ಕರ್ಕೊಂಡು ಬರಬಾರದಿತ್ತಾ?"

ಅಳತೆ ತೆಗೆದವನು ದರ್ಜಿಯಲ್ಲ, ಶವಪೆಟ್ಟಿಗೆಯವನು ಎಂದು ಫರ್ಕರ್ ಹೇಳಲಿಲ್ಲ. ಆ ಅಂಗಡಿಯೊಳಗೆ ರೂರಿಗೆ ಇನ್ನೂ ಮದುವೆಯಾಗುವುದಿತ್ತು. ಅದನ್ನು ಮುರಿಯಲು ಅವನಿಗೆ ಮನಸ್ಸು ಬರಲಿಲ್ಲ.

ಕೇಳಿದಷ್ಟನ್ನೂ ಕೊಟ್ಟ. ಇಷ್ಟೆಲ್ಲ ಪರೀಕ್ಷೆ ಮಾಡಿ ಚೌಕಾಸಿಯನ್ನೇ ಮಾಡದವರನ್ನು ಇವತ್ತೇ ನೋಡಿದ್ದು ಎಂದ ಡೊಲೀನಾ, ಕಟ್ಟಿಕೊಡುವ ಮುಂಚೆ ತನ್ನ ಗಲ್ಲಾಪೆಟ್ಟಿಗೆಯಿಂದ ಒಂದು ಪೆನ್ನಿ ತೆಗೆದು ಚೀಲದೊಳಗೆ ಹಾಕಿದಳು. "ದುಡ್ಡಿನ ಚೀಲ ಖಾಲಿ ಕೊಡಬಾರದು. ಇದು ನನ್ನ ಕಡೆಯಿಂದ ಮದುವೆ ಗಂಡಿಗೆ. ಹೇಳ್ತೀರಲ್ಲ?"

"ಹೇಳ್ತೀನಿ," ಎಂದ ಫರ್ಕರ್.

ಸಂಜೆ ಎಫೀ ಮಗನ ತಲೆಯ ಕಡೆ ಕುಳಿತಿದ್ದಳು. ಫರ್ಕರ್ ಬಗ್ಗಿ ಚೀಲವನ್ನು ಸೊಂಟಕ್ಕೆ ಕಟ್ಟಿದ. ಚೂರಿಯನ್ನು ಬಲಗಾಲಿನ ಕಾಲುಚೀಲದಲ್ಲಿ, ಹಿಡಿ ಮಾತ್ರ ಕಾಣುವಂತೆ ಸಿಕ್ಕಿಸಿದ.

"ಈ ಸಲ ಕೊಂಬೇ ಕಣೋ. ಚೆನ್ನಾಗಿ ನೋಡಿ ತಂದಿದೀನಿ," ಎಂದ. ಆಮೇಲೆ, ಐದು ವರ್ಷದ ಹಿಂದಿನ ಹಾಗೆಯೇ, ಮಗನ ಮುಂದೆ ಅಂಗೈ ಚಾಚಿ ನಿಂತ.

ಎಫೀಗೆ ತಡೆಯಲಾಗಲಿಲ್ಲ. "ಬಿಡ್ರೀ. ಎಲ್ಲಿಂದ ಕೊಡ್ತಾನ್ರೀ ಅವನು?"

"ಇದೆ ಕಣೇ ಅವನ ಹತ್ತಿರ," ಎಂದ ಫರ್ಕರ್.

ಮಗನ ಸೊಂಟದ ಚೀಲ ಬಿಚ್ಚಿ, ಒಳಗಿದ್ದ ಪೆನ್ನಿ ತೆಗೆದ. ಅದನ್ನು ಮಗನ ಸೆಟೆದ ಬೆರಳುಗಳಿಗೆ ಮುಟ್ಟಿಸಿ ತನ್ನ ಅಂಗೈಗೆ ಹಾಕಿಕೊಂಡು ಮುಷ್ಟಿ ಬಿಗಿದ.

"ಬಂತು ಮಗನೇ," ಎಂದ.